ನಗಿಸದೆ ನೋಡಿದ ಮುಖ

ಮಕ್ಕಳ ಮರುಶಸ್ತ್ರಚಿಕಿತ್ಸೆಗೆ ಅನುಮತಿ ನೀಡುವ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ಮಗಳ ಮುಖ ತೃಪ್ತಿಕರವಾಗಿದೆ ಎಂದು ತಮ್ಮ ಸಮಿತಿ ತೀರ್ಮಾನಿಸಿದೆ. ಅವಳ ಬದುಕೂ ತೃಪ್ತಿಕರವಾಗಿದೆಯಂತೆ. ಎರಡಕ್ಕೂ ಒಂದೇ ಪದ ಬಳಸಿ ಶಾಯಿ ಉಳಿಸಿದ್ದೀರಿ. ಆದಕಾರಣ ಅವಳ ಮೇಲ್ದುಟಿಗೆ ಆಗಬೇಕಿದ್ದ ಎರಡನೆಯ ಶಸ್ತ್ರಚಿಕಿತ್ಸೆ ಅಗತ್ಯವಿಲ್ಲ, ಪ್ರಕರಣ ಮುಕ್ತಾಯ. ಇಷ್ಟನ್ನೂ ತಾವು ಅವಳನ್ನು ನೋಡದೆಯೇ ಮಾಡಿ ಮುಗಿಸಿದಿರಿ. ತಾವು ನೋಡಿದ್ದು ಒಂದು ಫೋಟೋ. ಆ ಫೋಟೋದಲ್ಲಿ ಅವಳು ನಗುತ್ತಿಲ್ಲ, ಏಕೆಂದರೆ ನಗಬಾರದೆಂದು ತಮ್ಮದೇ ನಿಯಮವಿದೆ. ನಕ್ಕಾಗ ಮಾತ್ರ ಕಾಣುವ ತೊಂದರೆಯನ್ನು, ನಗಬೇಡ ಎಂದು ಹೇಳಿ ತೆಗೆದ ಫೋಟೋದಲ್ಲಿ ಹುಡುಕಿ, ಸಿಗಲಿಲ್ಲ ಎಂದು ಬರೆದು ಕಳಿಸಿದ್ದೀರಿ.

ಹೀಗೆ ಬಹಿರಂಗ ಪತ್ರ ಬರೆಯುವ ಬದಲು ಇದನ್ನು ತಮಗೆ ಖಾಸಗಿಯಾಗಿಯೇ ತಿಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಿಳಿಸಿದ್ದೆ. ಮನವಿ ಸ್ವೀಕೃತವಾಗಿದೆ ಎಂಬ ಉತ್ತರ ಬಂತು. ಸ್ವೀಕೃತವಾದದ್ದು ಎಲ್ಲಿ ಕೂತಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇಷ್ಟರಲ್ಲೇ ನನ್ನ ಮಗಳಿಗೆ ಆರು ತುಂಬಲಿದೆ. ಆರು ತುಂಬಿದರೆ ಹದಿನೆಂಟರವರೆಗೆ ಅರ್ಜಿ ಹಾಕುವಂತಿಲ್ಲ ಎಂಬುದೂ ತಮ್ಮ ನಿಯಮವೇ. ಅವಳ ಹುಟ್ಟುಹಬ್ಬ ಬರುತ್ತಿದೆ ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಖುಷಿಯಿಲ್ಲ. ಕ್ಯಾಲೆಂಡರಿನ ಆ ಪುಟವನ್ನು ಅವಳಪ್ಪ ತಿರುಗಿಸಲೇ ಇಲ್ಲ. ಹಿಂದಿನ ತಿಂಗಳೇ ಗೋಡೆಯ ಮೇಲೆ ನೇತಾಡುತ್ತಿದೆ.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ಎದೆಗೆ ನನ್ನ ಎರಡನೆಯ ಮಗುವನ್ನು ಅವಚಿಕೊಂಡು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ನಿದ್ದೆ ಕಂಡು ಎಷ್ಟು ದಿನವಾಯಿತೋ ಗೊತ್ತಿಲ್ಲ. ಮಾತು ಅಲ್ಲಲ್ಲಿ ಹದ ತಪ್ಪಿದರೆ ಮನ್ನಿಸಬೇಕು.

ನನ್ನ ಮಗಳು ಸೀಳುತುಟಿಯೊಂದಿಗೆ ಹುಟ್ಟಿದಳು. ಮೇಲ್ದುಟಿ ಎಡಗಡೆಯಲ್ಲಿ ಮೂಗಿನ ಹೊಳ್ಳೆಯವರೆಗೂ ಬಿಟ್ಟುಕೊಂಡಿತ್ತು. ನೋಡಲು ಬಂದವರು ಮಗುವನ್ನು ನೋಡುವ ಮುಂಚೆ ನನ್ನನ್ನು ನೋಡುತ್ತಿದ್ದರು. ಬಸುರಿಯಾಗಿದ್ದಾಗ ಏನು ತಿಂದೆ, ಏನು ಬಿಟ್ಟೆ, ಎಲ್ಲಿ ಬಿದ್ದೆ ಎಂಬ ವಿಚಾರಣೆ. ದೂರದ ಸಂಬಂಧದ ಅತ್ತೆಯೊಬ್ಬರಂತೂ "ಇದು ಯಾರ ಕಡೆಯಿಂದ ಬಂತು?" ಎಂದು ಕೋಣೆಯಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದರು. ನನ್ನ ಅತ್ತೆ ಬಟ್ಟೆ ಮಡಚುತ್ತಿದ್ದವರು ತಲೆಯೆತ್ತದೆ ಹೇಳಿದರು: "ನಮ್ಮ ಕಡೆಯಿಂದಾನೇ ಬಂತು ಅಂತ ಇಟ್ಕೊಳಿ. ನಿಮ್ಮ ಕಡೆಯಿಂದ ಉದ್ದ ಮೂಗು ಬಂದಿದೆಯಲ್ಲ, ಎಲ್ಲಾ ಕಡೆ ತೂರಿಸೋಕೆ, ಅದಕ್ಕಿಂತ ವಾಸಿ." ನೋಡಲು ಬಂದಿದ್ದ ಅತ್ತೆ ಕಾಫಿ ಕುಡಿಯದೆ ಎದ್ದು ಹೋದರು. ಅಂಥ ಮನೆ ನಮ್ಮದು. ನಾವು ಕೊರಗುತ್ತಾ ಕೂತವರಲ್ಲ ಎಂದು ತಮಗೆ ತಿಳಿಯಲಿ ಎಂದು ಹೇಳಿದೆ.

ಕೆಲವು ತಿಂಗಳಲ್ಲೇ ಮೊದಲ ಶಸ್ತ್ರಚಿಕಿತ್ಸೆ ಆಯಿತು. ಸರ್ಜನ್ ಒಳ್ಳೆಯವರು, ನಮ್ಮ ಜೊತೆ ಮಾತಾಡುವಾಗ ಕುರ್ಚಿ ಎಳೆದುಕೊಂಡು ಕೂರುವವರು. ಮಗಳು ಬೆಳೆದ ಮೇಲೆ ತೋರಿಸಲು ಹೋದಾಗ ಅವಳನ್ನು ಮೇಜಿನ ಮೇಲೆ ಕೂರಿಸಿಕೊಂಡು, ತಮ್ಮ ಕನ್ನಡಕವನ್ನು ತಲೆಕೆಳಗಾಗಿ ಹಾಕಿಕೊಂಡು ಅವಳನ್ನು ನಗಿಸಿದರು. ನಗಿಸಿ ನೋಡಿದರು. ಆಮೇಲೆ ನನಗೆ ಹೇಳಿದರು: "ಹೊಲಿಗೆ ಚೆನ್ನಾಗಿ ಕೂತಿದೆ ಕಣಮ್ಮ. ಆದ್ರೆ ಒಳಗಡೆ ಸ್ನಾಯು ಪೂರ್ತಿ ಕೂಡ್ಕೊಂಡಿಲ್ಲ. ಸುಮ್ನೆ ಇದ್ದಾಗ ಏನೂ ಕಾಣಲ್ಲ. ನಕ್ಕಾಗ ಒಂದು ಕಡೆ ಎಳ್ಕೊಳ್ಳುತ್ತೆ. ಪ, ಬ ಅನ್ನೋವಾಗ್ಲೂ ಅಷ್ಟೆ. ಸ್ಕೂಲಲ್ಲಿ ಮಕ್ಕಳು ಬಿಡ್ತಾರಾ? ಒಂದನೇ ಕ್ಲಾಸಿಗೆ ಹೋಗೋ ಮುಂಚೆ ಒಂದು ಸಣ್ಣ ಆಪರೇಷನ್ ಮಾಡ್ಬಿಡೋಣ. ಸಮಿತಿ ಒಪ್ಪಿಗೆ ಬೇಕು, ಅದೇನು ದೊಡ್ಡ ವಿಷಯ ಅಲ್ಲ." ಅದೇನು ದೊಡ್ಡ ವಿಷಯ ಅಲ್ಲ ಎಂದರು, ಪಾಪ.

ಆಗಿನ್ನೂ ಅವಳು ಬಾಯಿ ಬಡುಕಿ. ಎದ್ದಾಗಿನಿಂದ ಮಲಗುವವರೆಗೆ ಮಾತು, ಮಾತಿಗಿಂತ ಹೆಚ್ಚು ನಗು. ನಕ್ಕರೆ ಎಡತುಟಿ ಮೂಗಿನ ಕಡೆ ಸರಕ್ಕನೆ ಏರುತ್ತಿತ್ತು, ಹೊಲಿಗೆಯ ಕಲೆಯ ಪಕ್ಕ ಒಂದು ಸಣ್ಣ ಗಂಟು ಮೂಡುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ತಾತ ಅವಳನ್ನು 'ರೇಡಿಯೋ' ಎಂದು ಕರೆಯುತ್ತಿದ್ದರು. ಊಟಕ್ಕೆ ಕೂತಾಗ ಅವಳ ಕಿವಿ ಹಿಂಡುವಂತೆ ನಟಿಸಿ "ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀನಿ ತಡಿ" ಎನ್ನುವರು. ಅವಳು "ಗುಂಡಿ ಆ ಕಡೆ ಇಲ್ಲ ತಾತ, ಈ ಕಡೆ!" ಎಂದು ಇನ್ನೊಂದು ಕಿವಿ ಕೊಡುವಳು. ಅನ್ನವೆಲ್ಲ ನೆಲದ ಮೇಲೆ.

ತಮ್ಮ ಕಚೇರಿಯಿಂದ ಫೋಟೋಕ್ಕೆ ಬರಲು ಕರೆ ಬಂದಾಗ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ತಲೆ ಬಾಚಿ, ಒಳ್ಳೆಯ ಫ್ರಾಕ್ ಹಾಕಿ, ಮುಖಕ್ಕೆ ಪೌಡರ್ ಬಳಿದು ಕರೆತಂದೆವು. ಆ ದಿನ ಕಾಯುವ ಕೋಣೆಯಲ್ಲಿ ಕೂತಿದ್ದ ಅಷ್ಟೂ ಮಕ್ಕಳು ಮದುವೆಮನೆಗೆ ಹೊರಟಂತೆ ಇದ್ದವು. ಅಪ್ಪಂದಿರು ಕರವಸ್ತ್ರ ಒದ್ದೆ ಮಾಡಿ ಮಕ್ಕಳ ಬಾಯಿ ಒರೆಸುತ್ತಿದ್ದರು. ಅಜ್ಜಿಯೊಬ್ಬಳು ಮೊಮ್ಮಗನಿಗೆ "ದೊಡ್ಡ ಸಾಹೇಬ್ರು ನೋಡ್ತಾರೆ, ಬಾಯಿ ಮುಚ್ಕೊಂಡು ಜಾಣನ ಹಂಗೆ ಕೂತ್ಕೋ" ಎಂದು ಪಾಠ ಹೇಳುತ್ತಿದ್ದಳು. ಫೋಟೋ ಎಂದಮೇಲೆ ಚೆನ್ನಾಗಿ ಕಾಣಬೇಕು ಎಂದಷ್ಟೇ ನಮಗೆ ಗೊತ್ತಿದ್ದದ್ದು. ಆ ಕೋಣೆಯಲ್ಲಿ ಚೆನ್ನಾಗಿ ಕಂಡವರು ಸೋಲುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಗೆಲ್ಲಲೆಂದು ಮಕ್ಕಳನ್ನು ಸಿಂಗರಿಸಿ ತಂದು, ನಮ್ಮ ಕೈಯಾರೆ ಸೋಲಿಸುತ್ತಿದ್ದೆವು. ಈ ಮೂರ್ಖತನಕ್ಕೆ ತಮ್ಮ ಇಲಾಖೆಯಲ್ಲಿ ಏನೆನ್ನುತ್ತಾರೋ ತಿಳಿಯದು. ಪೋಷಕರ ಸಹಕಾರ ಎನ್ನಬಹುದು.

ಫೋಟೋದ ಕೋಣೆ ತಾವು ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದಾರೆ. ಗೋಡೆಗೆ ತಿಳಿನೀಲಿ ಬಣ್ಣ. ನಡುವೆ ಒಂದು ತಿರುಗುವ ಸ್ಟೂಲು, ಅದರ ಮುಂದೆ ಗಲ್ಲ ಊರಲು ಒಂದು ಕಬ್ಬಿಣದ ಪಟ್ಟಿ. ಕ್ಯಾಮೆರಾದವರು ಕೆಟ್ಟವರಲ್ಲ. ಮಕ್ಕಳನ್ನು ಅಳಿಸದೆ ಕೆಲಸ ಮುಗಿಸಲು ಅವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ನನ್ನ ಮಗಳ ಗಲ್ಲವನ್ನು ಆ ಪಟ್ಟಿಯ ಮೇಲೆ ಇರಿಸಿ, "ಈಗ ನೀನು ಬೊಂಬೆ. ಬೊಂಬೆ ಮಾತಾಡುತ್ತಾ?" ಎಂದರು.

"ಇಲ್ಲ," ಎಂದಳು ಇವಳು.

"ಬೊಂಬೆ ನಗುತ್ತಾ?"

"ನಮ್ಮನೆ ಬೊಂಬೆ ನಗುತ್ತೆ ಅಂಕಲ್!" ಎಂದು ಇವಳು ನಕ್ಕೇಬಿಟ್ಟಳು. ತುಟಿ ಏರಿತು.

"ಅಯ್ಯೋ, ಫೋಟೋ ಹಾಳಾಯ್ತು! ಇದು ನಗದೇ ಇರೋ ಬೊಂಬೆ ಆಟ. ಯಾರು ಅಲ್ಲಾಡಲ್ವೋ ಅವರು ಪಾಸ್."

ಅವಳು ಮತ್ತೆ ನಕ್ಕಳು, ಮತ್ತೆ ಹಾಳಾಯಿತು. ಆಮೇಲೆ ಹಠ ಹಿಡಿದು ತುಟಿ ಬಿಗಿದುಕೊಂಡಳು. ಎಷ್ಟು ಬಿಗಿದಳೆಂದರೆ ಕಣ್ಣಲ್ಲಿ ನೀರು ಬಂತು. ಕಣ್ಣು ಮುಖ್ಯವಲ್ಲವಂತೆ. ಗೌಪ್ಯತೆಯ ಕಾರಣಕ್ಕೆ ಕಣ್ಣುಗಳನ್ನು ಕತ್ತರಿಸಿ, ಮೂಗಿನಿಂದ ಗಲ್ಲದವರೆಗಿನ ತುಂಡನ್ನು ಮಾತ್ರ ಸಮಿತಿಯ ಮುಂದೆ ಇಡುತ್ತಾರೆ ಎಂದು ಆಮೇಲೆ ತಿಳಿಯಿತು. ಕ್ಯಾಮೆರಾ ಕ್ಲಿಕ್ ಎಂದಿತು. "ಶಭಾಷ್! ಇದಪ್ಪಾ ಮುಖ ಅಂದ್ರೆ!" ಎಂದು ಅವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳು ಸ್ಟೂಲಿನಿಂದ ಇಳಿದು ನನ್ನ ಹತ್ತಿರ ಬಂದಾಗಲೂ ಆ ಮುಖ ಹಾಗೇ ಇತ್ತು.

ಅಲ್ಲಿಂದ ಪಕ್ಕದ ಕೋಣೆಗೆ. ಅಲ್ಲಿ ಅವಳ ಬದುಕಿನ ಗುಣಮಟ್ಟ ಅಳೆಯಬೇಕಿತ್ತು. ಅಳೆಯುವ ಸಾಧನ ಒಂದು ರಟ್ಟು, ಅದರ ಮೇಲೆ ಐದು ದುಂಡು ಮುಖಗಳು. ಒಂದು ತುದಿಯಲ್ಲಿ ದೊಡ್ಡ ನಗು, ಇನ್ನೊಂದು ತುದಿಯಲ್ಲಿ ಅಳು, ನಡುವಿನದಕ್ಕೆ ಬಾಯಿಯ ಜಾಗದಲ್ಲಿ ಒಂದು ನೆಟ್ಟನೆಯ ಗೆರೆ. ಹೊಸದಾಗಿ ಕೆಲಸಕ್ಕೆ ಸೇರಿದಂತೆ ಕಾಣುತ್ತಿದ್ದ ಹುಡುಗಿಯೊಬ್ಬಳು ಪ್ರಶ್ನೆ ಓದಿದಳು. ಸ್ಕೂಲಿಗೆ ಹೋಗೋಕೆ ಹೇಗನ್ಸುತ್ತೆ, ಯಾವ ಮುಖ ತೋರ್ಸು ಪುಟ್ಟಿ. ಇವಳು ನಡುವಿನದನ್ನು ತೋರಿಸಿದಳು. ಫ್ರೆಂಡ್ಸ್ ಜೊತೆ ಆಡುವಾಗ? ನಡುವಿನದು. ಕನ್ನಡಿ ನೋಡ್ಕೊಂಡಾಗ? ನಡುವಿನದು. ಅಮ್ಮ ಮುದ್ದು ಮಾಡಿದಾಗ? ಅದಕ್ಕೂ ನಡುವಿನದೇ. ನಾನು ತಡೆಯಲಾರದೆ ಬಾಯಿ ತೆರೆಯಲು ಹೋದೆ. "ತಾಯಿ ಮಾತಾಡೋ ಹಾಗಿಲ್ಲ ಮೇಡಂ, ಮಗುವಿನ ಉತ್ತರಾನೇ ಬೇಕು," ಎಂದಳು ಹುಡುಗಿ, ಬಹಳ ಮೆದುವಾಗಿ.

ಬಸ್ಸಿನಲ್ಲಿ ಕೇಳಿದೆ. "ಯಾಕೆ ಮಗಳೇ ಎಲ್ಲಾದಕ್ಕೂ ಅದನ್ನೇ ತೋರಿಸ್ದೆ? ನಾನು ಮುದ್ದು ಮಾಡಿದ್ರೂ ನಿಂಗೆ ಹಂಗೇನಾ?"

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಅದೇ ಅಲ್ವಾ ಅಮ್ಮ ಪಾಸಾಗೋ ಮುಖ? ಅಂಕಲ್ ಶಭಾಷ್ ಅಂದ್ರಲ್ಲ."

ಮಾನ್ಯರೇ, ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಮಕ್ಕಳಾಗುವ ಮುಂಚೆ ಒಂದು ಸಮೀಕ್ಷೆ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹೊಸ ಫ್ರಿಜ್ ಕೊಂಡವರಿಗೆ ಫೋನ್ ಮಾಡಿ, ತೃಪ್ತಿಯಾಗಿದೆಯೇ ಎಂದು ಒಂದರಿಂದ ಐದರವರೆಗೆ ಅಂಕ ಕೇಳುವ ಕೆಲಸ. ಮೊದಲ ದಿನವೇ ನಮ್ಮ ಸೂಪರ್‌ವೈಸರ್ ಹೇಳಿದ್ದ: "ಎಲ್ಲಾದಕ್ಕೂ ಮೂರು ಮೂರು ಅಂತ ಹೇಳ್ಕೊಂಡು ಹೋಗೋರನ್ನ ಲೆಕ್ಕಕ್ಕೆ ತಗೋಬೇಡಿ. ಅವ್ರು ಉತ್ತರ ಕೊಡ್ತಿಲ್ಲ, ನೀವು ಯಾವಾಗ ಫೋನ್ ಇಡ್ತೀರೋ ಅಂತ ಕಾಯ್ತಿದಾರೆ." ಅಂಥ ಉತ್ತರಗಳನ್ನು ತೆಗೆದು ಹಾಕುತ್ತಿದ್ದೆವು. ಒಂದು ಫ್ರಿಜ್ಜಿನ ವಿಷಯದಲ್ಲಿ ಇರುವ ಈ ಎಚ್ಚರ ಒಂದು ಮಗುವಿನ ವಿಷಯದಲ್ಲಿ ಬೇಡವೇ? ತಮ್ಮ ಸಮಿತಿಯಲ್ಲಿ ಅಷ್ಟು ಜನ ಓದಿದವರಿದ್ದೀರಿ. ಕನ್ನಡಿ ನೋಡಿಕೊಂಡಾಗಲೂ, ಅಮ್ಮ ಎತ್ತಿ ಮುದ್ದಾಡಿದಾಗಲೂ, ಎಲ್ಲ ಹೊತ್ತಿನಲ್ಲೂ ಒಂದೇ ಮುಖ ಎಂದು ಐದು ವರ್ಷದ ಮಗು ಹೇಳಿದರೆ ಯಾರೊಬ್ಬರಿಗೂ ಮೈ ಜುಮ್ಮೆನ್ನಲಿಲ್ಲವೇ? ಕೂಡಿ, ಭಾಗಿಸಿ, 'ತೃಪ್ತಿಕರ' ಎಂದು ಬರೆಯಲು ಕೈ ಬಂತೇ?

ತೀರ್ಮಾನದ ಪತ್ರವನ್ನು ಮೊದಲು ಓದಿದವರು ನನ್ನ ಗಂಡ. ಅವರು ಲಿಫ್ಟ್ ರಿಪೇರಿ ಕೆಲಸದವರು, ಹೆಚ್ಚು ಮಾತಿಲ್ಲ. ಓದಿ ಮಡಚಿ ಮೇಜಿನ ಮೇಲಿಟ್ಟು, "ನಿಂತಿರೋ ಲಿಫ್ಟನ್ನ ಹೊರಗಡೆಯಿಂದ ನೋಡಿ, ಬಣ್ಣ ಚೆನ್ನಾಗಿದೆ, ಓಡಿಸ್ಬಹುದು ಅಂತ ಸಹಿ ಹಾಕ್ದಂಗಾಯ್ತು. ನಾನು ಹಂಗ್ ಮಾಡಿದ್ರೆ ಒಳಗೆ ಹಾಕ್ತಾರೆ," ಎಂದರು. ಮಗಳು ಅಲ್ಲೇ ಇದ್ದಳು. "ನಾನು ಪಾಸಾ ಅಪ್ಪಾ?" ಎಂದು ಕೇಳಿದಳು. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ನಾನು ತಮ್ಮ ಕಚೇರಿಗೆ ಹೋದೆ. ಕಿಟಕಿಯ ಆಚೆ ಕೂತ ಗುಮಾಸ್ತರು ಬಹಳ ಸಭ್ಯರು. "ಖುಷಿ ಪಡೋದು ಬಿಟ್ಟು ಯಾಕಮ್ಮ ಬಂದ್ರಿ? ಚೆನ್ನಾಗಿಲ್ಲ ಅಂತ ಬಂದೋರು ಅಳ್ತಾರೆ, ಅದು ಅರ್ಥ ಆಗುತ್ತೆ. ಚೆನ್ನಾಗಿದೆ ಅಂದ್ರೂ ಅಳೋರನ್ನ ನಿಮ್ಮನ್ನೇ ನೋಡಿದ್ದು."

"ಅವಳನ್ನ ನಗಿಸಿ ನೋಡಿ ಸರ್, ಒಂದು ಸಲ. ಕರ್ಕೊಂಡು ಬರ್ತೀನಿ."

"ನಗೋ ಫೋಟೋ ಒಂದೊಂದು ಮಗುದು ಒಂದೊಂದು ಥರ ಇರುತ್ತಲ್ಲಮ್ಮ. ಹೋಲಿಸೋಕೆ ಬರಲ್ಲ. ಅದಕ್ಕೇ ನಿಯಮ ಮಾಡಿರೋದು, ಎಲ್ಲಾ ಮಕ್ಕಳಿಗೂ ನ್ಯಾಯ ಒಂದೇ ಇರ್ಲಿ ಅಂತ."

ನ್ಯಾಯ ಎಂಬ ಪದವನ್ನು ಅವರು ನಂಬಿಯೇ ಹೇಳಿದರು. ಅದೇ ನನಗೆ ಹೆದರಿಕೆಯಾದದ್ದು. ಒರಟು ಮನುಷ್ಯನಾಗಿದ್ದರೆ ಜಗಳವಾಡಿ ಬರಬಹುದಿತ್ತು. ಅಳೆಯಲು ಸುಲಭವಾಗಲಿ ಎಂದು ಎಲ್ಲ ಮಕ್ಕಳ ಬಾಯಿ ಮುಚ್ಚಿಸಿದ್ದಾರೆ, ಅದು ಸಮಾನತೆಯೆಂದು ಒಳ್ಳೆಯ ಮನಸ್ಸಿನಿಂದ ನಂಬಿದ್ದಾರೆ. ಇಂಥ ನಂಬಿಕೆಯ ಮುಂದೆ ಜಗಳವಾಡುವುದು ಹೇಗೆ?

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈಗೆ ನೀರಿನ ಬಾಟಲಿ ಕೊಟ್ಟಳು. ಅವಳ ಜೊತೆ ಅವಳ ಮಗ, ನನ್ನ ಮಗಳ ವಯಸ್ಸಿನವನು, ಅವನದೂ ಹೊಲಿದ ತುಟಿಯೇ. ವಿಷಯ ಕೇಳಿ ಅವಳು ನಿಟ್ಟುಸಿರಿಟ್ಟಳು.

"ಅಯ್ಯೋ ಅಕ್ಕ, ಪೌಡರ್ ಹಾಕ್ಕೊಂಡು ಬಂದಿದ್ರಾ? ಕೆಟ್ರಿ! ನಮ್ಮವನದೂ ಮೊದಲ ಸಲ ಹಂಗೇ ಫೇಲಾಯ್ತು, ಅಂದ್ರೆ, ಚೆನ್ನಾಗಿದೆ ಅಂತ ಬಂತು. ಅಪೀಲಿಗೆ ಎರಡನೇ ಸಲ ಕರೆದಾಗ ರಾತ್ರಿ ನಿದ್ದೆ ಮಾಡೋಕೆ ಬಿಡ್ಲಿಲ್ಲ. ಮುಖ ಊದ್ಕೊಳ್ಳಿ ಅಂತ." ಆಮೇಲೆ ದನಿ ತಗ್ಗಿಸಿದಳು. "ಒಳಗೆ ಹೋಗೋ ಮುಂಚೆ ಬಾತ್‌ರೂಮಲ್ಲಿ ಕಲೆ ಇರೋ ಕಡೆ ಚಿವುಟಿದೆ. ಕೆಂಪಗಾಗ್ಲಿ ಅಂತ. ಪಾಸಾಯ್ತು ಅಕ್ಕ! ಇವತ್ತು ಆಪರೇಷನ್ ತಾರೀಖು ತಗೊಳೋಕೆ ಬಂದಿದೀನಿ."

ಅವಳು ಮಗನ ತಲೆ ಸವರಲು ಕೈಯೆತ್ತಿದಳು. ಹುಡುಗ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅಮ್ಮನ ಕೈ ಮೇಲೇರಿದರೆ ಬಾಯಿ ಮುಚ್ಚಿಕೊಳ್ಳಬೇಕು ಎಂದು ಅವನು ಕಲಿತುಬಿಟ್ಟಿದ್ದ. ಅವಳು ಆ ಕೈಯನ್ನು ಏನು ಮಾಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಹಾಗೇ ಎತ್ತಿಹಿಡಿದಿದ್ದಳು.

ಅವಳನ್ನು ನಾನು ಬೈಯಲಾರೆ. ತಾವೂ ಬೈಯುವ ಹಾಗಿಲ್ಲ. ತಮ್ಮ ನಿಯಮವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು ಅವಳೊಬ್ಬಳೇ.

ನೀವೂ ಅದನ್ನೇ ಮಾಡಿ ಎಂದಳು. ಮನೆಗೆ ಬಂದು ಮಗಳ ಮುಖ ತೊಳೆಸುವಾಗ ನನ್ನ ಹೆಬ್ಬೆರಳು ಅವಳ ಕಲೆಯ ಮೇಲೆ ಬಂತು. ಕೈ ತೆಗೆದುಕೊಂಡು ಟವೆಲ್ ಅವಳಪ್ಪನ ಕೈಗೆ ಕೊಟ್ಟೆ. ಅಂದಿನಿಂದ ಮುಖ ತೊಳೆಸುವುದು ಅವರೇ.

ಈಗ ತಾವು ಹೇಳಬಹುದಾದ ಮಾತನ್ನು ನಾನೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ತಿರುಳಿದೆ. ಎಲ್ಲ ಕಲೆಯನ್ನೂ ಕತ್ತರಿ ಹಿಡಿದು ಸರಿಮಾಡಬೇಕಾಗಿಲ್ಲ. ಮಗುವಿಗೆ ಮತ್ತೆ ಅರಿವಳಿಕೆ ಕೊಡುವುದು ಆಟವಲ್ಲ. ನಿನ್ನ ಮುಖ ಸರಿಯಿಲ್ಲ, ಬಾ ಸರಿಮಾಡೋಣ ಎಂದು ಪದೇ ಪದೇ ಆಸ್ಪತ್ರೆಗೆ ಒಯ್ದರೆ ಅದೂ ಮಗುವಿನ ಮನಸ್ಸಿಗೆ ಗಾಯವೇ. ಇದನ್ನೆಲ್ಲ ನಾನೂ ಓದಿದ್ದೇನೆ, ಓದಿ ಓದಿಯೇ ಅರ್ಧ ನಿದ್ದೆ ಹೋಗಿದೆ. ಅವಳ ಗೆರೆಯಂಥ ಕಲೆಯನ್ನು ಅಳಿಸಿ ಎಂದು ನಾನು ಕೇಳಿಲ್ಲ. ಅವಳನ್ನು ಚೆಲುವೆ ಮಾಡಿಕೊಡಿ ಎಂದೂ ಕೇಳಿಲ್ಲ, ಅವಳು ಚೆಲುವೆಯೇ. ಅವಳು ನಗಲು, ಊದಲು, ಬಾಯಿತುಂಬ 'ಅಪ್ಪ' ಎನ್ನಲು ಬೇಕಾದ ಸ್ನಾಯು ಒಂದು ಕಡೆ ಬಿಟ್ಟುಕೊಂಡಿದೆ, ಅದನ್ನು ಕೂಡಿಸಿ ಎಂದು ಕೇಳಿದೆ. ಅದನ್ನು ಬಲ್ಲ ಸರ್ಜನ್ ನಗಿಸಿ ನೋಡಿ ಹೇಳಿದ್ದನ್ನು, ನಗಿಸದೆ ನೋಡಿದ ತಾವು ತಳ್ಳಿಹಾಕಿದಿರಿ. ಹದಿನೆಂಟು ತುಂಬಿದ ಮೇಲೆ ಅವಳೇ ಬಂದು ಕೇಳಲಿ ಎನ್ನುತ್ತೀರಿ. ಬರುತ್ತಾಳೆ, ತುಟಿಯನ್ನು ತಾವು ಆಗಲೂ ಕೂಡಿಸಬಲ್ಲಿರಿ. ಅಷ್ಟು ವರ್ಷ ಬಿಗಿಹಿಡಿದ ಮುಖವನ್ನು ಸಡಿಲಿಸುವುದು ಯಾವ ವಿಭಾಗದವರ ಕೆಲಸ?

ಏಕೆಂದರೆ ಅದು ಬಿಗಿಯುತ್ತಿದೆ, ಮಾನ್ಯರೇ, ನನ್ನ ಕಣ್ಣೆದುರೇ. ಮೊದಮೊದಲು ಹೊರಗಿನವರ ಮುಂದೆ ಮಾತ್ರ ಇತ್ತು. ಶಾಲೆಯಲ್ಲಿ ಒಬ್ಬ ಹುಡುಗ ಇವಳು ನಕ್ಕಾಗ "ಇವಳ ತುಟಿ ಓಡೋಗುತ್ತೆ ನೋಡ್ರೋ" ಎಂದಿದ್ದನಂತೆ. ಮೊದಲಾಗಿದ್ದರೆ ಅವನ ಬೆನ್ನಿಗೆ ಒಂದು ಗುದ್ದಿ ಬರುತ್ತಿದ್ದಳು. ಈಗ ಅವಳ ಬಳಿ ಉಪಾಯವಿದೆ. ಟೀಚರ್ ನನ್ನನ್ನು ಕರೆದು "ಎಷ್ಟು ಬದಲಾಗಿದಾಳೆ ನಿಮ್ಮ ಮಗಳು! ತುಂಬಾ ಶಿಸ್ತು ಬಂದಿದೆ, ಗಲಾಟೆನೇ ಇಲ್ಲ," ಎಂದು ಹೊಗಳಿದರು. ಆಮೇಲೆ ಅದು ಮನೆಯೊಳಗೂ ಬಂತು. ತಾತ ಊಟಕ್ಕೆ ಕೂತಾಗ ಕಿವಿಗೆ ಕೈ ಹಾಕಿ "ಏನಮ್ಮಾ, ಸ್ಟೇಷನ್ನೇ ಸಿಗ್ತಿಲ್ಲವಲ್ಲ ಇವತ್ತು?" ಎಂದರೆ ಅವಳು ಕಿವಿ ಬಿಡಿಸಿಕೊಂಡು ಅನ್ನ ಕಲಸುತ್ತಾಳೆ. ನಗು ಬಂದಾಗ ಅದು ಹೊಟ್ಟೆಯವರೆಗೆ ಬರುವುದು ನಮಗೆ ಕಾಣುತ್ತದೆ, ಭುಜ ಕುಣಿಯುತ್ತದೆ. ಮುಖಕ್ಕೆ ಮಾತ್ರ ಬರುವುದಿಲ್ಲ. ಮಧ್ಯಾಹ್ನ ಮಲಗಿದಾಗಲೂ ಈಗೀಗ ತುಟಿ ಕಚ್ಚಿಕೊಂಡೇ ಮಲಗುತ್ತಾಳೆ.

ಅವಳಿಗೊಬ್ಬ ತಮ್ಮ ಹುಟ್ಟಿದ್ದಾನೆ. ಅವನ ತುಟಿ ಇಡಿಯಾಗಿದೆ. ನಗಲು ಕಲಿತು ಇನ್ನೂ ಕೆಲವು ವಾರವಾಗಿರಬಹುದು, ಗೋಡೆ ಕಂಡರೂ ನಗುವ ವಯಸ್ಸು. ಮೊನ್ನೆ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಕೇಕೆ ಹಾಕುತ್ತಿದ್ದ ಮಗು ಒಮ್ಮೆಲೇ ಸುಮ್ಮನಾಯಿತು. ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಓಡಿದೆ. ಅಕ್ಕ ಅವನ ಪಕ್ಕ ಮಂಡಿಯೂರಿ ಕೂತಿದ್ದಳು. ಎರಡು ಬೆರಳಿನಿಂದ ಅವನ ತುಟಿಗಳನ್ನು ಕೂಡಿಸಿ ಹಿಡಿದಿದ್ದಳು. ನೋವಾಗದ ಹಾಗೆ, ತೀರಾ ಹಗುರವಾಗಿ. ಮುಖ ಅವನ ಮುಖಕ್ಕೆ ಹತ್ತಿರ ತಂದು, ಅಲುಗಾಡದೆ ಅವನನ್ನೇ ನೋಡುತ್ತಿದ್ದಳು.

"ಏನ್ಮಾಡ್ತಿದೀಯ?" ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಪಾಪುಗೆ ಹೇಳ್ಕೊಡ್ತಿದೀನಿ ಅಮ್ಮ. ನಗಬಾರ್ದು ಅಂತ. ನಕ್ಕರೆ ಫೋಟೋ ಹಾಳಾಗುತ್ತೆ."

"ಅವನಿಗೆ ಯಾವ ಫೋಟೋನೂ ಇಲ್ಲ ಪುಟ್ಟಾ. ಅವನ ತುಟಿಗೆ ಏನೂ ಆಗಿಲ್ಲ."

"ನಂಗೂ ಏನೂ ಆಗಿಲ್ಲ ಅಂತ ಪತ್ರ ಬಂತಲ್ಲ," ಎಂದಳು.

ಮಾನ್ಯರೇ, ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ, ಅವಳಿಗೆ ಓದಿ ಹೇಳುತ್ತೇನೆ.

ಅಂದಿನಿಂದ ಅವರಿಬ್ಬರನ್ನು ಒಂದೇ ಕೋಣೆಯಲ್ಲಿ ಬಿಟ್ಟು ಹೋಗಲು ನನಗೆ ಧೈರ್ಯವಿಲ್ಲ. ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ, ಅವಳು ತಮ್ಮನನ್ನು ಪ್ರಾಣದಂತೆ ನೋಡಿಕೊಳ್ಳುವವಳು. ಆದರೆ ಮಕ್ಕಳು ಮುಖ ನೋಡಿಯೇ ಮುಖ ಕಲಿಯುತ್ತವೆ. ಅವನು ನನ್ನನ್ನು ಕಂಡರೆ ಇನ್ನೂ ನಗುತ್ತಾನೆ, ತಾತನನ್ನು ಕಂಡರೆ ನಗುತ್ತಾನೆ. ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡರೆ ತೆರೆದ ಬಾಯಿ ಮುಚ್ಚುತ್ತದೆ, ಕಣ್ಣು ಅವಳ ಮೇಲೆ ನಾಟುತ್ತದೆ. ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ನೋಡುತ್ತಾ ಇರುತ್ತಾರೆ. ಪಕ್ಕದ ಮನೆಯಾಕೆ ನಿನ್ನೆ ಬಂದು, "ಅಬ್ಬಾ, ಎಷ್ಟು ಶಾಂತ ಮಕ್ಕಳು ರೀ ನಿಮ್ಮವು! ಪುಣ್ಯ ಮಾಡಿದ್ರಿ," ಎಂದು ಹೇಳಿ ಹೋದಳು.

ಇದು ನನ್ನ ಮನೆಯ ಗೋಳು ಎಂದು ಬಿಟ್ಟುಬಿಡುತ್ತಿದ್ದೆನೋ ಏನೋ, ತಮ್ಮ ಕಚೇರಿಯ ಗೋಡೆಗೆ ಅಂಟಿಸಿದ ಹೊಸ ಸುತ್ತೋಲೆಯನ್ನು ಓದದೆ ಇದ್ದಿದ್ದರೆ. ಮುಂದಿನ ವರ್ಷದಿಂದ ಮಕ್ಕಳನ್ನು ಕರೆತರುವ ಅಗತ್ಯವಿಲ್ಲ, ಪೋಷಕರು ಮನೆಯಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಸಾಕು ಎಂದಿದೆ. ಜನರ ಓಡಾಟ ತಪ್ಪಿಸುವ ಸದುದ್ದೇಶವಂತೆ. ಕೆಳಗೆ ಒಂದು ಸಾಲು: 'ಫೋಟೋ ತೆಗೆಯುವಾಗ ಮಗು ನಗದಂತೆ ನೋಡಿಕೊಳ್ಳುವುದು ಪೋಷಕರ ಜವಾಬ್ದಾರಿ.' ಆ ಸಾಲನ್ನು ಬರೆದವರು ಯಾರೇ ಇರಲಿ, ಬರೆದ ಮೇಲೆ ಒಮ್ಮೆ ಜೋರಾಗಿ ಓದಿ ನೋಡಿದರೇ? ನನಗೆ ಆ ಸಾಲಿನ ಹಿಂದೆ ಮನೆಗಳು ಕಾಣುತ್ತವೆ. ಒಂದೊಂದು ಮನೆಯಲ್ಲೂ ಒಂದು ಸ್ಟೂಲು, ಅದರ ಮೇಲೆ ಒಂದು ಮಗು, ಎದುರಿಗೆ ಮೊಬೈಲ್ ಹಿಡಿದ ತಾಯಿ. ಕೆಲವರು ಮಗುವನ್ನು ಬೊಂಬೆ ಮಾಡುತ್ತಾರೆ. ಬುದ್ಧಿವಂತರು ಬಾಗಿಲು ಹಾಕಿಕೊಂಡು ಚಿವುಟುತ್ತಾರೆ. ಕ್ಯಾಮೆರಾದವರ ಕೋಣೆಯಲ್ಲಿ ಕೊನೆಪಕ್ಷ ಮೂರನೆಯವರ ಕಣ್ಣಿತ್ತು. ಮನೆಯಲ್ಲಿ ಯಾರು ನೋಡುತ್ತಾರೆ? ತಮ್ಮ ಮೇಜಿಗೆ ಬರುವುದು ಮೂಗಿನಿಂದ ಗಲ್ಲದವರೆಗಿನ ತುಂಡು ಮಾತ್ರ. ಕೆನ್ನೆ ಅದುಮಿ ಹಿಡಿದ ಬೆರಳುಗಳ ಗುರುತು ಅದರಲ್ಲಿ ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಸುತ್ತೋಲೆಯನ್ನು ಗೋಡೆಯಿಂದ ಕಿತ್ತು ತೆಗೆಯಿರಿ. ಯಾವ ಮಗುವಿನ ಮುಖದ ಬಗ್ಗೆ ತೀರ್ಮಾನ ಕೊಡುತ್ತೀರೋ ಆ ಮಗುವನ್ನು ಕಣ್ಣಾರೆ ನೋಡದೆ, ಅದು ಮಾತಾಡುವುದನ್ನು ಕೇಳದೆ, ನಗುವವರೆಗೆ ಕಾಯದೆ ಸಹಿ ಹಾಕುವುದಿಲ್ಲ ಎಂದು ತಮ್ಮ ಸಮಿತಿ ಬರೆದು ಪ್ರಕಟಿಸಲಿ. ಮತ್ತು ನನ್ನ ಮಗಳಿಗೆ ಆರು ತುಂಬುವ ಮುಂಚೆ ಅವಳ ಪ್ರಕರಣವನ್ನು ಮತ್ತೆ ತೆರೆಯಿರಿ. ಅವಳನ್ನು ಕರೆತರುತ್ತೇನೆ, ಪೌಡರ್ ಹಾಕದೆ, ಚಿವುಟದೆ, ಮನೆಯಲ್ಲಿ ಹೇಗಿರುತ್ತಾಳೋ ಹಾಗೆ. ತಾವೇ ಸ್ವತಃ ಅವಳೆದುರು ಕೂರಬೇಕು. ಮೇಜಿನ ಆಚೆಗಲ್ಲ, ಅವಳ ಕಣ್ಣಿನ ಮಟ್ಟಕ್ಕೆ. ತಮಗೆ ಗೊತ್ತಿರುವ ಎಲ್ಲ ತಮಾಷೆಗಳನ್ನೂ ಮಾಡಿ ಅವಳನ್ನು ನಗಿಸಬೇಕು.

ನಕ್ಕರೆ ತುಟಿ ಎಳೆಯುವುದು ತಮಗೇ ಕಾಣುತ್ತದೆ, ಆಗ ಸರ್ಜನ್ ಕೇಳಿದ ದಿನಾಂಕ ಕೊಟ್ಟು ಕಳಿಸಿ. ನಾನು ಹೆದರುತ್ತಿರುವುದು ಇನ್ನೊಂದಕ್ಕೆ. ತಾವು ಏನೇ ಮಾಡಿದರೂ ಅವಳು ತಮ್ಮನ್ನೇ ನೋಡುತ್ತಾ, ತುಟಿ ಅಲುಗಿಸದೆ, ಪಾಸಾಯಿತೇ ಎಂದು ಕಾಯುತ್ತಾ ಕೂತಿರಬಹುದು. ಹಾಗೇನಾದರೂ ಆದರೆ ಎದ್ದು ಹೋಗಬೇಡಿ. ಗಡಿಯಾರ ನೋಡಬೇಡಿ. ನಾವು ದಿನಾ ಹೇಗೆ ಕೂರುತ್ತೇವೋ ಹಾಗೆ ಅವಳ ಮುಂದೆ ಕೂತು, ಆ ಮುಖಕ್ಕೊಂದು ಪದ ಹುಡುಕಿ ಬರೆಯಿರಿ.

ಇಂತಿ,
ತಮ್ಮ ಕಡತದ ಪ್ರಕಾರ ಚಿಂತಿಸಲು ಕಾರಣವೇ ಇಲ್ಲದ
ಒಬ್ಬ ತಾಯಿ